ಅಪ್ಪನ ಥೆರಪಿಗೆ ಹಣ ಹೊಂದಿಸಬೇಕು, ದಾರಿ ತೋರಿಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನದ ಹತ್ತಿರ ಒಂದು ಹಳ್ಳಿ. ಎರಡು ತಿಂಗಳ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲಿನಲ್ಲಿ ಶಕ್ತಿ ಇಲ್ಲ, ಮಾತು ತೊದಲುತ್ತದೆ. ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದಲ್ವಾ, ಆಸ್ಪತ್ರೆ ಖರ್ಚು ಅದರಲ್ಲೇ ಮುಗಿಯಿತು. ಕಷ್ಟ ಶುರುವಾಗಿದ್ದು ಮನೆಗೆ ಬಂದ ಮೇಲೆ.

ಮನೆಗೆ ಬರುವ ಫಿಸಿಯೋಥೆರಪಿಯವರಿಗೆ ದಿನಕ್ಕೆ 500 ರೂಪಾಯಿ. ಮಾತಿನ ಥೆರಪಿ ಬೇರೆ. ಮೊದಲ ತಿಂಗಳುಗಳಲ್ಲೇ ಜಾಸ್ತಿ ಸುಧಾರಿಸುವುದು, ಮಧ್ಯದಲ್ಲಿ ಬಿಡಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಹೋದ ವಾರ ಅಪ್ಪ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರು. ಅಮ್ಮ ಅತ್ತೇಬಿಟ್ಟರು. ಈಗ ಹೇಗೆ ನಿಲ್ಲಿಸಲಿ?

ಅಮ್ಮನ ಬಳೆ ಅಡವಿಟ್ಟಾಯಿತು. ಸಂಘದಲ್ಲಿ ಸಾಲವೂ ಆಯಿತು. ಆನ್‌ಲೈನ್‌ನಲ್ಲಿ ಹಣ ಕೂಡಿಸೋಣ ಅಂತ ಹೋದರೆ ಆಸ್ಪತ್ರೆಯ ಎಸ್ಟಿಮೇಟ್ ಪತ್ರ ಕೇಳುತ್ತಿದ್ದಾರೆ. ಡಿಸ್ಚಾರ್ಜ್ ಆದವರಿಗೆ ಕೊಡುವುದಿಲ್ಲ ಅಂತ ಆಸ್ಪತ್ರೆಯವರು ಹೇಳುತ್ತಾರೆ. ಇಲ್ಲೇ ಸಿಕ್ಕಿಕೊಂಡಿದ್ದೇನೆ.

ಮನೆಯಲ್ಲೇ ನಡೆಯುವ ಥೆರಪಿಗೆ ಎಸ್ಟಿಮೇಟ್ ಯಾರಿಂದ ಬರೆಸಬೇಕು? ಫಿಸಿಯೋಥೆರಪಿಯವರೇ ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರೆ ನಡೆಯುತ್ತದಾ? ಮುಖ್ಯಮಂತ್ರಿ ಪರಿಹಾರ ನಿಧಿಯಿಂದ ಇಂಥ ಖರ್ಚಿಗೆ ಯಾರಿಗಾದರೂ ಹಣ ಸಿಕ್ಕಿದೆಯಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.