ಹಾಸ್ಟೆಲ್ ಮೆಡಿಸಿನ್ ಕಿಟ್ ಫಾರ್ವರ್ಡು, ನಮ್ಮ ಬ್ಯಾಚ್ ಗ್ರೂಪಲ್ಲಿ ಆದ ಜಗಳ

ಮಂಜು: (ಫಾರ್ವರ್ಡ್) ಹಾಸ್ಟೆಲಿಗೆ ಹೋಗೋ ಮಕ್ಕಳ ಬ್ಯಾಗಲ್ಲಿ ಇರಲೇಬೇಕು: ಪ್ಯಾರಾಸಿಟಮಾಲ್, ಓಆರ್‌ಎಸ್, ಬ್ಯಾಂಡೇಜ್, ಅಜಿತ್ರೋಮೈಸಿನ್ 500. ನೆಗಡಿ ಜ್ವರ ಶುರುವಾದ ತಕ್ಷಣ ದಿನಕ್ಕೊಂದು, 3 ದಿನ. ಎಲ್ಲರಿಗೂ ಕಳಿಸಿ.

ಸುಮಾ: ಮಂಜು, ಆ ಅಜಿತ್ರೋಮೈಸಿನ್ ಸಾಲು ತಪ್ಪು ಕಣೋ. ನೆಗಡಿ ಬರೋದು ವೈರಸ್ಸಿಂದ, ಆಂಟಿಬಯಾಟಿಕ್ ಇರೋದು ಬ್ಯಾಕ್ಟೀರಿಯಾಗೆ. ಡಿಲೀಟ್ ಮಾಡು ಪ್ಲೀಸ್

ಮಂಜು: ನನ್ ಮಗಳು ಹೋದ್ಸಲ ಎಕ್ಸಾಮ್ ಟೈಮಲ್ಲಿ ಅದನ್ನೇ ತಗೊಂಡಿದ್ದು, ಮೂರು ದಿನಕ್ಕೆ ಎದ್ದು ಕೂತ್ಲು

ಸುಮಾ: ತಗೊಳ್ದೆ ಇದ್ರೂ ಏಳ್ತಿದ್ಲು. ನೆಗಡಿ ಜ್ವರ ಸಾಮಾನ್ಯವಾಗಿ ಅಷ್ಟರಲ್ಲೇ ಇಳಿಯತ್ತೆ, ಹೆಸರು ಮಾತ್ರೆಗೆ ಬರತ್ತೆ

ಪ್ರದೀಪ: ಈಗಿನ ಹುಡುಗ್ರಿಗೆ ಅವೇರ್‌ನೆಸ್ಸೇ ಇಲ್ಲ ಬಿಡಿ. ಕಾಲೇಜಲ್ಲಿ ಒಂದು ಲೆಕ್ಚರ್ ಇಡಿಸಿ, ಸರಿ ಹೋಗ್ತಾರೆ

ಸುಮಾ: ಇಲ್ಲ ಪ್ರದೀಪ, ಇದನ್ನ ಮಾತ್ರ ನಾನು ಒಪ್ಪಲ್ಲ. ನಮ್ ಸ್ಟೂಡೆಂಟ್ಸ್ ರೆಸಿಸ್ಟೆನ್ಸ್ (ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದೇ ಹೋಗೋದು) ಅಂದ್ರೇನು ಅಂತ ಪೇಪರಲ್ಲಿ ಚೆನ್ನಾಗೇ ಬರೀತಾರೆ, ಅದೇ ಹುಡುಗ್ರು ಗಂಟಲು ಕೆರೀತು ಅಂದ್ರೆ ಪಕ್ಕದ ರೂಮಿಗೆ ಹೋಗಿ ಮಾತ್ರೆ ಇಸ್ಕೊಂಡ್ ಬರ್ತಾರೆ. ಒಬ್ಬಳು ತೋರಿಸಿದ್ಲು, ಕತ್ತರಿಸಿದ ಸ್ಟ್ರಿಪ್ಪಲ್ಲಿ ಎರಡೇ ಮಾತ್ರೆ, ಹೆಸರು ಅರ್ಧ ಇದೆ, ಎಕ್ಸ್‌ಪೈರಿ ಡೇಟ್ ಇದ್ದ ತುದಿನೇ ಇಲ್ಲ. ಯಾರಿಗೋ ಯೂರಿನ್ ಇನ್ಫೆಕ್ಷನ್ನಿಗೆ ಕೊಟ್ಟಿದ್ದು ಉಳಿದಿತ್ತಂತೆ, ಇವಳು ಗಂಟಲಿಗೆ ನುಂಗೋಕೆ ಹೊರಟಿದ್ಲು. ಇದಕ್ಕೆ ಲೆಕ್ಚರ್ ಏನ್ ಮಾಡತ್ತೆ ಹೇಳು, ಅವಳಿಗೆ ಎಲ್ಲಾ ಗೊತ್ತು

ಡಾ. ರಶ್ಮಿ: ಈಗ ನೋಡ್ದೆ. ಅಜಿತ್ರೋಮೈಸಿನ್ ಡಬ್ಲ್ಯೂಎಚ್‌ಒ ಪಟ್ಟಿಲಿ 'ವಾಚ್' ಗುಂಪಲ್ಲಿದೆ, ಅಂದ್ರೆ ರೆಸಿಸ್ಟೆನ್ಸ್ ಬೆಳೆಯೋ ಅಪಾಯ ಜಾಸ್ತಿ ಇರೋದ್ರಿಂದ ಹುಷಾರಾಗಿ ಬಳಸ್ಬೇಕಾದ ಔಷಧಿ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ಅಂದಾಜಿನ ಪ್ರಕಾರ 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಜಗತ್ತಲ್ಲಿ ಸತ್ತವರು 12.7 ಲಕ್ಷ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಹೇಳಿದ್ರು, ಸಾಲದಷ್ಟು ಡೋಸ್ ತಗೊಂಡ್ರೆ ರೋಗಾಣು ಸಾಯಲ್ಲ, ಔಷಧಿಗೇ ಒಗ್ಗಿಕೊಳ್ಳತ್ತೆ ಅಂತ. ಎರಡು ಮಾತ್ರೆ ನುಂಗಿ ಸುಮ್ನಾಗೋದು ಅದೇ ತಾನೇ

ಮಂಜು: ಹಸಿರು ಕಫ ಬಂದ್ರೂ ಬೇಡ್ವಾ?

ಡಾ. ರಶ್ಮಿ: ಬಣ್ಣ ನೋಡಿ ತೀರ್ಮಾನ ಮಾಡಕ್ಕಾಗಲ್ಲ ಮಂಜು, ಆ ಹಸಿರು ನಮ್ ಬಿಳಿ ರಕ್ತಕಣದ ಎನ್‌ಜೈಮಿಂದು, ವೈರಸ್ಸಲ್ಲೂ ಬರತ್ತೆ. ಉಸಿರಾಡೋಕೆ ಕಷ್ಟ ಆದ್ರೆ, ಜ್ವರ ಮೂರು ದಿನ ದಾಟಿದ್ರೆ, ಇಳಿದು ಮತ್ತೆ ಜೋರಾದ್ರೆ ಡಾಕ್ಟ್ರಿಗೆ ತೋರಿಸ್ಬೇಕು

ಪ್ರದೀಪ: ಕೋರ್ಸ್ ಪೂರ್ತಿ ಮುಗಿಸ್ಲೇಬೇಕು ಅನ್ನೋದೂ ಈಗ ಸರಿಯಿಲ್ಲ ಅಂತಾರಲ್ಲ?

ಡಾ. ರಶ್ಮಿ: 2017ರಲ್ಲಿ ಬಿಎಂಜೆ ಅನ್ನೋ ಬ್ರಿಟಿಷ್ ವೈದ್ಯಕೀಯ ಪತ್ರಿಕೇಲಿ ಆ ಪ್ರಶ್ನೆ ಎತ್ತಿದ್ರು, ಎಷ್ಟೋ ಇನ್ಫೆಕ್ಷನ್ನಿಗೆ ಈಗ ಕಮ್ಮಿ ದಿನ ಕೊಡೋದೂ ನಿಜ. ಆದ್ರೆ ಎಷ್ಟು ದಿನ ಅಂತ ಬರ್ದುಕೊಟ್ಟ ಡಾಕ್ಟ್ರನ್ನೇ ಕೇಳ್ಬೇಕು, ಟಿಬಿ ಔಷಧಿ ನಡುವೆ ಬಿಟ್ರಂತೂ ಕಥೆನೇ ಬೇರೆ

ಮಂಜು: ಸರಿ, ಆ ಸಾಲು ತೆಗೆದು ಹಾಕ್ತೀನಿ. ಆದ್ರೆ ಸುಮಾ, ಮೂರು ದಿನ ಕಾಯಿ ಅಂತೀರಲ್ಲ, ಇಂಟರ್ನಲ್ಸ್ ಇರೋವಾಗ ಹುಷಾರಿಲ್ಲದ ಮಗು ಎಲ್ಲಿ ಕಾಯತ್ತೆ? ರಜೆ ಕೊಡಲ್ಲ, ಅಟೆಂಡೆನ್ಸ್ ಕಟ್, ಮತ್ತೆ ಟೆಸ್ಟ್ ಇಡಲ್ಲ. ಅದಕ್ಕೇ ನುಂಗ್ತಾರೆ

ಸುಮಾ: ಇದು ನ್ಯಾಯವಾದ ಮಾತು ಕಣೋ, ಇದಕ್ಕೆ ಉತ್ತರ ಕೊಡ್ಬೇಕಾದವರು ನಾವು ಮೇಷ್ಟ್ರುಗಳೇ. ಹುಷಾರಿಲ್ದೆ ಟೆಸ್ಟ್ ತಪ್ಪಿದ್ರೆ ಇನ್ನೊಂದ್ಸಲ ಇಡ್ಬೇಕು ಅಂತ ಡಿಪಾರ್ಟ್‌ಮೆಂಟ್ ಮೀಟಿಂಗಲ್ಲಿ ಕೇಳ್ತೀನಿ. ರಶ್ಮಿ, ನೀನೀಗ ಬರೆದಿದ್ದನ್ನೆಲ್ಲ ಒಂದು ಪುಟ ಮಾಡಿ ಕೊಡು, ಜೊತೆಗಿಡ್ತೀನಿ