‘1938ರ ಪದಬಂಧ’: ಅಗ್ರಹಾರದ ಮನೆ ಬಳಗದಲ್ಲಿ ಒಂದು ಭಾನುವಾರ

6:48 ಮೈಸೂರು ದೊಡ್ಡಪ್ಪ: (ಪತ್ರಿಕೆಯ ಕಟಿಂಗ್‌ನ ಫೋಟೋ, ಹಲವು ಬಾರಿ ಫಾರ್ವರ್ಡ್ ಆಗಿದೆ) ಕನ್ನಡದ ಮೊಟ್ಟಮೊದಲ ಸಾಹಿತ್ಯ ಪದಬಂಧ!! 1938ನೇ ಇಸವಿ!! ಅಂದಿನ ಎಸ್ಸೆಸ್ಸೆಲ್ಸಿ ಹುಡುಗರು ಹತ್ತೇ ನಿಮಿಷದಲ್ಲಿ ಬಿಡಿಸುತ್ತಿದ್ದರು. ಇಂದಿನ ಎಂ.ಎ. ಪದವೀಧರರಿಗೆ ಐದು ಪದವೂ ಬಾರದು. ಕನ್ನಡ ಉಳಿಯಬೇಕೆಂದಿದ್ದರೆ ಹತ್ತು ಜನರಿಗೆ ಕಳಿಸಿ.

6:51 ಶ್ರೀಧರ ಮಾವ: ಅದ್ಭುತ! ಮೂರು ಗ್ರೂಪಿಗೆ ಕಳಿಸಿಯಾಯ್ತು.

6:58 ಜಯತ್ತೆ: ನಿಜವಾದ ಮಾತು ಅಣ್ಣಾ. ಈಗಿನ ಮಕ್ಕಳಿಗೆ ಒತ್ತಕ್ಷರ ಎಲ್ಲಿ ಹಾಕ್ಬೇಕು ಅನ್ನೋದೇ ಗೊತ್ತಿಲ್ಲ. ನಾನು 1 ಅಡ್ಡ ತುಂಬಿದೆ. ನಾಲ್ಕುತಂತಿ.

7:05 ರಘು: ದೊಡ್ಡಪ್ಪ, ಚಿತ್ರ ದೊಡ್ಡದು ಮಾಡಿ ಆ 1 ಅಡ್ಡದ ಸುಳಿವನ್ನೇ ಓದಿ. ‘ಬೇಂದ್ರೆಯವರಿಗೆ ಜ್ಞಾನಪೀಠ ತಂದ ಸಂಕಲನ (4)’. ಜ್ಞಾನಪೀಠ ಪ್ರಶಸ್ತಿ ಅಂತ ಒಂದು ಹುಟ್ಟಿದ್ದೇ 1961ರಲ್ಲಿ, ಮೊದಲ ಸಲ ಕೊಟ್ಟಿದ್ದು 1965ಕ್ಕೆ. ನಾಕುತಂತಿ ಅಚ್ಚಾಗಿದ್ದು 1964. 1938ರಲ್ಲಿ ಈ ಸುಳಿವು ಬರೆದವರು ಜ್ಯೋತಿಷಿಯೇ ಆಗಿರಬೇಕು.

7:06 ರಘು: 3 ಅಡ್ಡ ‘ಭೈರಪ್ಪನವರ ಕಾದಂಬರಿ (4)’. ವಂಶವೃಕ್ಷ. 1938ರಲ್ಲಿ ಭೈರಪ್ಪನವರಿಗೆ ಆರೇಳು ವರ್ಷ.

7:09 ಶ್ರೀಧರ ಮಾವ: ಶುರುವಾಯ್ತಪ್ಪ, ಪುರಾವೆ ಇಲಾಖೆ 😀

7:14 ಮೈಸೂರು ದೊಡ್ಡಪ್ಪ: ಸುಳಿವುಗಳನ್ನು ಅನಂತರ ಯಾರಾದರೂ ಸೇರಿಸಿರಬಹುದು. ಸಂದೇಶದ ಆಶಯ ಮುಖ್ಯ. ಎಲ್ಲದಕ್ಕೂ ಆಧಾರ ಕೇಳುವುದು ವಿದ್ಯೆಯ ಲಕ್ಷಣವಲ್ಲ, ವಿನಯವೂ ವಿದ್ಯೆಯೇ.

7:16 ರಘು: ಸುಳಿವು ಆಮೇಲೆ ಸೇರಿಸಿದ್ದಾದರೆ ಚೌಕದಲ್ಲಿ ಮೊದಲು ಏನಿತ್ತು ದೊಡ್ಡಪ್ಪ? ಪದಬಂಧದಲ್ಲಿ ಪದ ಕೂಡಿಸಿದ ಮೇಲೆ ತಾನೆ ಸುಳಿವು ಬರೆಯೋದು? ಒಂದು ಪದ ಬದಲಾಯಿಸಿದರೆ ಅದನ್ನು ದಾಟುವ ಪದಗಳೂ ಬದಲಾಗಬೇಕು.

7:17 ಮೈಸೂರು ದೊಡ್ಡಪ್ಪ: ರಾಷ್ಟ್ರಗೀತೆಯ ವಿಷಯದಲ್ಲೂ ನೀನು ಹೀಗೆಯೇ ಮಾಡಿದೆ.

7:18 ರಘು: ನಮ್ಮದೇ ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆ ಅಂತ ಯುನೆಸ್ಕೋ ಘೋಷಿಸಿರಲಿಲ್ಲ ದೊಡ್ಡಪ್ಪ. ಈಗಲೂ ಘೋಷಿಸಿಲ್ಲ.

7:20 ಜಯತ್ತೆ: ರಘು, ದೊಡ್ಡವರ ಹತ್ತಿರ ಮಾತಾಡೋ ರೀತಿನಾ ಇದು? ಇವರ ಮಗಳ ಲಗ್ನಪತ್ರಿಕೇಲೂ ತಪ್ಪು ಹುಡುಕಿ ಇದೇ ಗ್ರೂಪಲ್ಲಿ ಹಾಕಿದ್ದೆ. ಇನ್ನೂ ಯಾರೂ ಮರೆತಿಲ್ಲ.

7:22 ರಘು: ‘ಆರ್ಶೀವಾದ’ ಅಂತ ಅಚ್ಚಾಗಿತ್ತು ಅತ್ತೆ. ಆ-ಶೀ-ರ್ವಾ-ದ. ಅರ್ಕಾವೊತ್ತು ಎರಡನೇ ಮನೆಗೆ ಹಾರಿತ್ತು. ಪದಬಂಧದಲ್ಲಿ ಹಾಗೆ ತುಂಬಿದ್ದರೆ ಮೇಲಿಂದ ಇಳಿಯೋ ಎರಡು ಪದ ಕೆಡೋವು.

7:23 ಜಯತ್ತೆ: ಮದುವೆ ಕೆಡ್ಲಿಲ್ಲವಲ್ಲ!

7:31 ವೀಣಾ ಚಿಕ್ಕಮ್ಮ: ಜಗಳ ಒಂದು ನಿಮಿಷ ನಿಲ್ಸಿ. ಅತ್ತಿಗೆ, 1 ಅಡ್ಡಕ್ಕೆ ಪುಸ್ತಕದ ಹೆಸರಿನಂತೆ ‘ನಾಕುತಂತಿ’ ಅಂತಲೇ ಬರೀಬೇಕು, ‘ನಾಲ್ಕು’ ಅಲ್ಲ. ತೊಂದರೆ ಏನಂದ್ರೆ ನಾ-ಕು-ತಂ-ತಿ ಬರೆದರೂ ನಾ-ಲ್ಕು-ತಂ-ತಿ ಬರೆದರೂ ನಾಲ್ಕೇ ಮನೆ. ಒತ್ತಕ್ಷರಕ್ಕೆ ಬೇರೆ ಮನೆ ಇಲ್ಲವಲ್ಲ. ಒಂದನೇ ಮನೆಯನ್ನು ನಾಗವರ್ಮ ದಾಟ್ತಾನೆ (1 ಕೆಳಕ್ಕೆ, ‘ಛಂದೋಂಬುಧಿ ಬರೆದವನು’), ಮೂರನೇ ಮನೆಯಿಂದ ತಂಬೂರಿ ಇಳಿಯುತ್ತೆ (2 ಕೆಳಕ್ಕೆ, ‘ಪುರಂದರದಾಸರ ಪ್ರಕಾರ ಭವಾಬ್ಧಿ ದಾಟಿಸುವ ವಾದ್ಯ’). ಎರಡನೇ ಮನೆಯನ್ನು ಯಾವ ಪದವೂ ದಾಟಲ್ಲ. ಆದ್ದರಿಂದ ತಪ್ಪು ತುಂಬಿದರೂ ಚೌಕ ದೂರು ಹೇಳಲ್ಲ.

7:33 ಜಯತ್ತೆ: ಚೌಕವೇ ದೂರು ಹೇಳದಿದ್ದ ಮೇಲೆ ನಿನಗೇನಮ್ಮ.

7:36 ವೀಣಾ ಚಿಕ್ಕಮ್ಮ: ಬಹುಮಾನ ಕೊಡೋರು ಹೇಳ್ತಾರೆ ಅತ್ತಿಗೆ. ರಚಿಸೋರು ಇಂಥ ಕಡೆ ಎಚ್ಚರ ಇರಬೇಕು. ಎರಡು ಥರ ಬರೆಯಬಹುದಾದ ಅಕ್ಷರವನ್ನು ದಾಟುಮನೆಯಲ್ಲೇ ಕೂರಿಸಬೇಕು. ಇಲ್ಲಿ 9×9 ಚೌಕ, ಸಮಸಂಖ್ಯೆಯ ಸಾಲೂ ಸಮಸಂಖ್ಯೆಯ ಕಂಬವೂ ಸೇರೋ 16 ಮನೆ ಕಪ್ಪು. ಎರಡನೇ ಕಂಬದಲ್ಲಿ ಯಾವ ಪದವೂ ಮೇಲಿಂದ ಇಳಿಯೋಕೆ ಜಾಗವೇ ಇಲ್ಲ. ಬಿಂದು ಮಾತ್ರ ಚೆನ್ನಾಗಿ ಕೂತಿದೆ. ‘ತಂ’ ಬದಲು ‘ತ’ ಬರೆದರೆ ತಂಬೂರಿ ಆಗಲ್ಲ.

7:38 ಪಮ್ಮಿ ಡಲ್ಲಾಸ್: ಅಯ್ಯೋ ಪದಬಂಧ!! ಸುಧಾ, ತರಂಗ ಬಂದ ದಿನ ಯಾರು ಮೊದಲು ಕಿತ್ಕೊಳ್ತಾರೆ ಅನ್ನೋದೇ ಪೈಪೋಟಿ. ಉತ್ತರಕ್ಕೆ ಮುಂದಿನ ವಾರದ ತನಕ ಕಾಯಬೇಕಿತ್ತು. ಆ ಬೈಂಡ್ ಮಾಡಿಸಿದ್ದ ಸುಧಾ ಸಂಪುಟಗಳು ಈಗ ಯಾರ ಹತ್ರ ಇವೆ?

7:40 ಜಯತ್ತೆ: ಕೇಳು, ಚೆನ್ನಾಗಿ ಕೇಳು. ಮೈಸೂರು ಮನೆಗೆ ಸುಣ್ಣ ಹೊಡೆಸೋವಾಗ ಹಳೇ ಪೇಪರ್‌ನವನ ತಕ್ಕಡಿಗೆ ಹೋದ್ವು. ಕನ್ನಡ ಉಳಿಸೋರು ಆಗ ಎಲ್ಲಿದ್ರೋ.

7:41 ಮೈಸೂರು ದೊಡ್ಡಪ್ಪ: ಗೆದ್ದಲು ಹಿಡಿದಿತ್ತು.

7:41 ಜಯತ್ತೆ: ಎಲ್ಲದಕ್ಕೂ ಅಲ್ಲ.

7:44 ಶ್ರೀಧರ ಮಾವ: ಇದು ಅ.ನಾ. ಪ್ರಹ್ಲಾದರಾವ್ ಅವರ ರಚನೆ ಇರಬೇಕು. ಸಾವಿರಗಟ್ಟಲೆ ಪದಬಂಧ ಮಾಡಿದ್ದಾರೆ.

7:45 ರಘು: ಅವರು ಹುಟ್ಟಿದ್ದು 1953ರಲ್ಲಿ ಮಾವ. ನೀವು 1938ನ್ನೂ ಒಪ್ಪಿ ಇದನ್ನೂ ಒಪ್ತಿದ್ದೀರಿ.

7:46 ಶ್ರೀಧರ ಮಾವ: ಹೋದ ಸಲದಂತೆ ಗ್ರೂಪ್ ಬಿಟ್ಟು ಹೋಗಲಾ?

7:46 ಪಮ್ಮಿ ಡಲ್ಲಾಸ್: ಬೇಡ ಮಾವ. ಆಮೇಲೆ ಸೇರಿಸೋ ಕೆಲಸ ನಂದೇ.

7:52 ಮೈಸೂರು ದೊಡ್ಡಪ್ಪ: ಇಸವಿ ಹೆಚ್ಚುಕಡಿಮೆ ಇರಲಿ. ಪದಬಂಧವೆಂಬುದೇ ನಮ್ಮ ನೆಲದ ವಿದ್ಯೆ. ಮಾಘನ ಶಿಶುಪಾಲವಧದ ಹತ್ತೊಂಬತ್ತನೆಯ ಸರ್ಗದಲ್ಲಿ ಸರ್ವತೋಭದ್ರ ಬಂಧವಿದೆ. ಅಡ್ಡ ಓದಿದರೂ ಕೆಳಕ್ಕೆ ಓದಿದರೂ ಅದೇ ಶ್ಲೋಕ. ಭಾರವಿಯ ಕಿರಾತಾರ್ಜುನೀಯದಲ್ಲೂ ಇದೆ. ಇಂಗ್ಲಿಷಿನವರು ಆಗ ಎಲ್ಲಿದ್ದರು?

7:58 ವೀಣಾ ಚಿಕ್ಕಮ್ಮ: ಭಾವ, ಅದು ಇದಕ್ಕಿಂತ ಕಷ್ಟದ ಕೆಲಸ, ಒಪ್ಪಿದೆ. ಆದರೆ ಸರ್ವತೋಭದ್ರದಲ್ಲಿ 64 ಮನೆಯನ್ನೂ ಕವಿಯೇ ತುಂಬಿ ಕೊಡ್ತಾನೆ, ಓದುಗ ಬೆರಗಾಗೋದು ಅಷ್ಟೇ. ಖಾಲಿ ಮನೆ ಕೊಟ್ಟು, ಸುಳಿವು ಕೊಟ್ಟು, ನೀನೇ ತುಂಬು ಅನ್ನೋ ಆಟ ಶುರುವಾಗಿದ್ದು 1913ರ ಡಿಸೆಂಬರ್ 21ರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ. ಮಾಡಿದವರು ಲಿವರ್‌ಪೂಲಿನಲ್ಲಿ ಹುಟ್ಟಿದ ಆರ್ಥರ್ ವಿನ್. ಅದು ಚೌಕವೂ ಅಲ್ಲ, ವಜ್ರದಾಕಾರ, ನಡುವೆ ಖಾಲಿ.

8:00 ಮೈಸೂರು ದೊಡ್ಡಪ್ಪ: ವೀಣಾ ಹೇಳಿದರೆ ಕೇಳಬಹುದು. ಹೇಳುವ ರೀತಿ ಎಂಬುದೊಂದಿದೆ. ಕೆಲವರು ಕಲಿಯಬೇಕು.

8:01 ರಘು: ಸರಿ. ರೀತಿಯಾಗಿ ಕೇಳ್ತೀನಿ. ಇದು ನಿಮಗೆ ಬಂದದ್ದು ಎಲ್ಲಿಂದ?

8:02 ಮೈಸೂರು ದೊಡ್ಡಪ್ಪ: ಕುಕ್ಕರಹಳ್ಳಿ ಕೆರೆ ವಾಕಿಂಗ್ ಗ್ರೂಪ್. ಎಲ್ಲರೂ ನಿವೃತ್ತ ಅಧಿಕಾರಿಗಳು.

8:10 ರಘು: ಪತ್ರಿಕೆಯ ಹೆಸರು, ತಾರೀಕು ಇರೋ ಮೇಲ್ತುದಿ ಯಾರೋ ಕತ್ತರಿಸಿದ್ದಾರೆ. ಪರವಾಗಿಲ್ಲ, ಕಟಿಂಗೇ ತನ್ನ ವಯಸ್ಸು ಹೇಳುತ್ತೆ. ಚೌಕದ ಮೇಲೆ ನಿಯಮಗಳಿವೆ ನೋಡಿ, ಉತ್ತರ ಕಳಿಸಬೇಕಾದ ವಿಳಾಸದಲ್ಲಿ ಬೆಂಗಳೂರು ಆದಮೇಲೆ 560ರಿಂದ ಶುರುವಾಗೋ ಆರು ಅಂಕಿ. ಪಿನ್ ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ. ಬೇಂದ್ರೆಯವರ ಜ್ಞಾನಪೀಠ 1973ರದ್ದು, ಒರಿಯಾದ ಗೋಪೀನಾಥ ಮೊಹಾಂತಿ ಜೊತೆ ಹಂಚಿಕೆಯಾಗಿ ಬಂತು. ಅಲ್ಲಿಗೆ ಕೆಳಗಿನ ಗಡಿ 1973.

8:12 ರಘು: ಮೇಲಿನ ಗಡಿ 10 ಅಡ್ಡದಲ್ಲಿದೆ. ‘ಜ್ಞಾನಪೀಠ ಪಡೆದ ಇಬ್ಬರು ಕನ್ನಡಿಗರಲ್ಲಿ ಮೊದಲಿಗರು (3)’. ಉತ್ತರ ಕುವೆಂಪು, 1967ರ ಪ್ರಶಸ್ತಿ. ಆದರೆ ಉತ್ತರಕ್ಕಿಂತ ‘ಇಬ್ಬರು’ ಅನ್ನೋದು ನೋಡಿ. ಕಾರಂತರಿಗೆ 1977ರ ಪ್ರಶಸ್ತಿ ಬಂದ ಮೇಲೆ ಮೂವರು ಅಂತ ಬರೀಬೇಕಿತ್ತು. ಹಾಗಾಗಿ ಇದು ಎಪ್ಪತ್ತರ ದಶಕದ ನಡುವಿನದು, ಹೆಚ್ಚೆಂದರೆ ಎರಡು-ಮೂರು ವರ್ಷ ಆಚೀಚೆ. ಮೂಲ ಕಟಿಂಗ್ ಇದ್ದರೆ ಹಿಂಬದಿಯನ್ನೂ ಫೋಟೋ ತೆಗೆದು ಹಾಕಿ. ಸಿನಿಮಾ ಜಾಹೀರಾತೋ ಟೆಂಡರ್ ನೋಟೀಸೋ ಇದ್ದರೆ ವಾರವೂ ಸಿಗಬಹುದು.

8:13 ಶ್ರೀಧರ ಮಾವ: ಇಷ್ಟು ಉದ್ದ ಯಾರು ಓದ್ತಾರೆ ರಘು.

8:15 ಜಯತ್ತೆ: ಎಪ್ಪತ್ತರ ದಶಕದಲ್ಲೂ ಎಸ್ಸೆಸ್ಸೆಲ್ಸಿ ಹುಡುಗರಿಗೆ ಇದು ಬರ್ತಿತ್ತು. ಅಣ್ಣ ಹೇಳಿದ್ದು ಅದೇ.

8:19 ಪಮ್ಮಿ ಡಲ್ಲಾಸ್: ನಾನೂ ಬಿಡಿಸ್ತಿದ್ದೀನಿ. ಮೇಲಿನ ಎಡಮೂಲೆಯಲ್ಲಿ 6 ಅಡ್ಡ ವಲ್ಲರಿ, ಅಲ್ವಾ? ‘ವ’ ನಾಗವರ್ಮನಿಂದ, ‘ರಿ’ ತಂಬೂರಿಯಿಂದ. ಆದರೆ ‘ಮೂಕಜ್ಜಿಯ ಮೊಮ್ಮಗ’ ಮೂರೇ ಮನೆ ಅಂತಿದೆ. ಸು-ಬ್-ರಾ-ಯ, ನಾಲ್ಕಾಗುತ್ತೆ. ಅಚ್ಚಿನ ತಪ್ಪಾ?

8:22 ವೀಣಾ ಚಿಕ್ಕಮ್ಮ: ನೀನು ಇಂಗ್ಲಿಷ್ ಕೀಲಿಯಲ್ಲಿ ಟೈಪ್ ಮಾಡೋ ಥರ ಎಣಿಸ್ತಿದ್ದೀಯ ಪಮ್ಮಿ. ‘ಬ್ರಾ’ ಒಂದೇ ಮನೆ. ಸು-ಬ್ರಾ-ಯ. ಹಾಗೇ ವಂಶವೃಕ್ಷದ ‘ಕ್ಷ’ ಒಂದು ಮನೆ. ಪದದ ಕೊನೆಯಲ್ಲಿ ಸ್ವರವಿಲ್ಲದ ಅಕ್ಷರ ಉಳಿದರೆ ಮಾತ್ರ ಅದಕ್ಕೆ ಸ್ವಂತ ಮನೆ. ಅಂದಹಾಗೆ ‘ಕ್ಷ’ವನ್ನು ಬಲತುದಿಯ ಮೂಲೆಗೆ ತಂದಿದ್ದು ರಚನಕಾರರ ಸಾಹಸ. ಅಲ್ಲಿಂದ ಕೆಳಕ್ಕೆ ಇಳಿಯೋಕೆ ಕ್ಷಣ, ಕ್ಷಯ, ಕ್ಷಮೆ ಥರದ ನಾಲ್ಕಾರು ಪದ ಬಿಟ್ಟರೆ ಕನ್ನಡದಲ್ಲಿ ದಾರಿ ಕಡಿಮೆ. ಎರಡು ಮನೆಯ ‘ಕ್ಷಮೆ’ ಹಾಕಿ ಪಾರಾಗಿದ್ದಾರೆ.

8:24 ಶ್ರೀಧರ ಮಾವ: ಆ ಪದ ಈ ಗ್ರೂಪಲ್ಲಿ ಇವತ್ತೇ ಮೊದಲ ಸಲ ಬಂದದ್ದು.

8:30 ಪಮ್ಮಿ ಡಲ್ಲಾಸ್: ವೀಣತ್ತೆ, ನನಗೆ ಎಂಟೇ ಸಾಲು ಕಾಣ್ತಿದೆ. ಕೊನೇ ಸಾಲೂ ‘ಅಡ್ಡ’ ಪಟ್ಟಿಯ ಕೊನೇ ಎರಡು ಸುಳಿವೂ ಇಲ್ಲ.

8:36 ವೀಣಾ ಚಿಕ್ಕಮ್ಮ: ಫೋನಿನಲ್ಲಿ ಕತ್ತರಿಸೋವಾಗ ಹೋಗಿದೆ. ಸಾಲನ್ನು ವಾಪಸ್ ಪಡೀಬಹುದು. ಚೌಕವನ್ನು ಅರ್ಧ ಸುತ್ತು ತಿರುಗಿಸಿದರೆ ಕಪ್ಪು ಮನೆಗಳು ಅದೇ ಜಾಗಕ್ಕೆ ಬರೋ ಹಾಗೆ ಮಾಡಿದ್ದಾರೆ. ಮೊದಲ ಸಾಲು ನಾಲ್ಕು ಬಿಳಿ, ಒಂದು ಕಪ್ಪು, ನಾಲ್ಕು ಬಿಳಿ. ಒಂಬತ್ತನೆಯದೂ ಹಾಗೇ. ಮೇಲೆ ಬಲತುದಿಯಲ್ಲಿ ಕ್ಷಮೆ ಎರಡು ಮನೆ, ಹಾಗಾದರೆ ಕೆಳಗೆ ಎಡತುದಿಯಲ್ಲೂ ಎರಡು ಮನೆಯ ಪದ. ಏಳನೇ ಕಂಬದಲ್ಲಿ ಶಬರಿ ಮೂರು ಮನೆ, ಅದಕ್ಕೆ ಜೋಡಿ ಮೂರನೇ ಕಂಬದ ಸುಬ್ರಾಯ. ‘ಕೆಳಕ್ಕೆ’ ಪಟ್ಟಿ ಪೂರ್ತಿ ಉಳಿದಿದೆ, ಅದೇ ಪುಣ್ಯ.

8:38 ಪಮ್ಮಿ ಡಲ್ಲಾಸ್: ಎಡತುದಿಯ ಸುಳಿವು ‘ರನ್ನನ ಗದಾಯುದ್ಧದ ನಾಯಕ (2)’.

8:39 ರಘು: ದುರ್ಯೋಧನ.

8:40 ಮೈಸೂರು ದೊಡ್ಡಪ್ಪ: ಭೀಮ! ಕಾವ್ಯದ ಇನ್ನೊಂದು ಹೆಸರೇ ಸಾಹಸಭೀಮವಿಜಯ. ಆಶ್ರಯದಾತ ಸತ್ಯಾಶ್ರಯನನ್ನು ಕವಿ ಭೀಮನಿಗೆ ಸಮೀಕರಿಸಿದ್ದಾನೆ. ಇದೂ ಗೊತ್ತಿಲ್ಲದೆ ನನಗೆ ಪಾಠ.

8:41 ರಘು: ಓದಿದವರ ಮನಸ್ಸಲ್ಲಿ ಉಳಿಯೋದು ದುರ್ಯೋಧನನೇ ದೊಡ್ಡಪ್ಪ. ವಿಮರ್ಶಕರೂ ಹೇಳಿದ್ದಾರೆ.

8:42 ಮೈಸೂರು ದೊಡ್ಡಪ್ಪ: ಮನೆ ಎರಡೇ ಇದೆಯಪ್ಪಾ.

8:42 ಶ್ರೀಧರ ಮಾವ: 😂😂 ಔಟ್!

8:47 ವೀಣಾ ಚಿಕ್ಕಮ್ಮ: ಭಾವ ಹೇಳಿದ್ದೇ ಸರಿ. ಭೀಮನ ‘ಮ’ ಒಂಬತ್ತನೇ ಸಾಲಿನ ಮೊದಲ ಮನೆ. ಸುಬ್ರಾಯನ ‘ಯ’ ಮೂರನೇ ಮನೆ. ಹಾಗಾಗಿ ಸುಳಿವಿಲ್ಲದ ಆ ಪದ ಮ–?–ಯ–?.

8:53 ಮೈಸೂರು ದೊಡ್ಡಪ್ಪ: ಮಲಯಜ. ಶ್ರೀಗಂಧ.

8:55 ಪಮ್ಮಿ ಡಲ್ಲಾಸ್: ಮಾವಾ!!! ಸೂಪರ್.

8:56 ರಘು: ಚೆನ್ನಾಗಿ ಕೂರುತ್ತೆ ದೊಡ್ಡಪ್ಪ. ಇಸವಿ ಬಗ್ಗೆ ವಾಕಿಂಗ್ ಗ್ರೂಪಿಗೂ ಒಂದು ಮಾತು ತಿಳಿಸ್ತೀರಾ?

8:57 ಮೈಸೂರು ದೊಡ್ಡಪ್ಪ: ಅಲ್ಲಿ ಯಾರೂ ಕೇಳಿಲ್ಲ.

9:02 ವೀಣಾ ಚಿಕ್ಕಮ್ಮ: ‘ಲ’, ‘ಜ’ ಎರಡೂ ದಾಟದ ಮನೆಗಳು, ಸುಳಿವೂ ಇಲ್ಲ. ಪೂರ್ತಿ ಫೋಟೋ ಸಿಗೋ ತನಕ ಪೆನ್ಸಿಲ್‌ನಲ್ಲಿ ಬರೆದಿಡಿ.

9:04 ಜಯತ್ತೆ: ನಾನು ಎಲ್ಲಾ ಪೆನ್ನಲ್ಲೇ ಬರೆದಾಯ್ತು.