ಮಗಳಿಗೆ ಸೀರಿಯಲ್‌ನಲ್ಲಿ ಪಾತ್ರ ಸಿಕ್ಕಿದೆ, ಅಗ್ರಿಮೆಂಟ್ ಇಲ್ಲದೆ ಕಳಿಸಬಹುದಾ?

ನಾಗರಭಾವಿ ಅಮ್ಮ:
ಮಗಳಿಗೆ 22 ವರ್ಷ. ನಾಯಕಿಯ ತಂಗಿ ಪಾತ್ರ ಸಿಕ್ಕಿದೆ. ಮ್ಯಾನೇಜರ್ "ಅಗ್ರಿಮೆಂಟ್ ಎಲ್ಲ ಆಮೇಲೆ ಮೇಡಂ, ಸೋಮವಾರ ಕಳಿಸಿ" ಅಂತಿದ್ದಾರೆ. ದಿನಕ್ಕೆ ಇಷ್ಟು ಅಂತ ಬಾಯಿಮಾತಲ್ಲಿ ಹೇಳಿದ್ದಾರೆ ಅಷ್ಟೇ. ಈ ಫೀಲ್ಡ್ ಗೊತ್ತಿರುವವರು ಹೇಳಿ.

ಮಾಜಿ ಅತ್ತಿಗೆ:
ಕಳಿಸಿ ಅಮ್ಮಾ. ಆದರೆ ಅದಕ್ಕೂ ಮೊದಲು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ನಾನು 11 ವರ್ಷ ಸೀರಿಯಲ್ ಮಾಡಿದವಳು. ಹೆಚ್ಚಾಗಿ ಅತ್ತಿಗೆ ಪಾತ್ರ, ಎರಡು ಸಲ ಸತ್ತಿದ್ದೇನೆ. ಈಗ ನಟಿಸುವುದು ಕಡಿಮೆ. ಬಾಕಿ ದುಡ್ಡಿಗೆ ಅಲೆಯುವ ಹುಡುಗಿಯರ ಜೊತೆ ಆಫೀಸುಗಳಲ್ಲಿ ಹೋಗಿ ಕೂರುವುದೇ ಜಾಸ್ತಿ.

ಇದೆಲ್ಲ ಶುರುವಾದದ್ದು ಒಂದು ಕ್ಯಾಲೆಂಡರ್‌ನಿಂದ. ಅಡುಗೆಮನೆ ಗೋಡೆಯಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಿದ್ದರು. ಅದೇ ಚೌಕದಲ್ಲಿ ನಾನು ಶೂಟಿಂಗ್ ಹೊತ್ತು ಗೀಚುತ್ತಿದ್ದೆ. "7ರಿಂದ 10.40, ಆರ್.ಆರ್. ನಗರ. ಹಾಲು 1 ಲೀ." ಒಂದು ತಿಂಗಳು 17 ದಿನ ದುಡಿದಿದ್ದೆ, ಅವರ ಲೆಕ್ಕದಲ್ಲಿ 13. ಹಾಳೆ ಹರಿದುಕೊಂಡು ಹೋದೆ. ಅಕೌಂಟೆಂಟ್ ನಕ್ಕರು. ಆಮೇಲೆ ಮೇಕಪ್ ಅಣ್ಣ ತನ್ನ ನೋಟ್‌ಬುಕ್ ತಂದ. ಎರಡೂ ತಾಳೆಯಾಯಿತು. ನಾಲ್ಕು ದಿನದ ದುಡ್ಡು ಬಂತು. ಮುಂದಿನ ವಾರ ನನ್ನ ಪಾತ್ರವನ್ನು ದುಬೈಗೆ ಕಳಿಸಿಬಿಟ್ಟರು. ಇನ್ನೂ ವಾಪಸ್ ಬಂದಿಲ್ಲ.

ಐದು ವಿಷಯ ಕೇಳಿ. ದಿನಕ್ಕೆ ಎಷ್ಟು, ಎಷ್ಟು ಗಂಟೆ ಕೆಲಸ ಅಂದರೆ ಒಂದು ದಿನ, ದುಡ್ಡು ಯಾವಾಗ, ರಾತ್ರಿ ಗಾಡಿ ಯಾರದ್ದು, ಬಟ್ಟೆ ಯಾರದ್ದು. ಬಟ್ಟೆ ಅಂದರೆ ಸಣ್ಣ ಮಾತಲ್ಲ. ಪಾತ್ರದಲ್ಲಿ ಶ್ರೀಮಂತರ ಮನೆ ಸೊಸೆ ನಾನು, ಸೀರೆ ಮಾತ್ರ ಸ್ವಂತ ಖರ್ಚಿನದು. ಮೊದಲ ಮೂರು ತಿಂಗಳ ದುಡ್ಡಲ್ಲಿ ಅರ್ಧ ಚಿಕ್ಕಪೇಟೆಗೆ, ಬ್ಲೌಸ್ ಹೊಲಿಗೆಗೇ ಹೋಯಿತು. ಟಿಡಿಎಸ್ ಅಂತ ತೆರಿಗೆ ಹಿಡಿದರೆ ಅದು ಆದಾಯ ತೆರಿಗೆ ಇಲಾಖೆಯಲ್ಲಿ ಮಗಳ ಹೆಸರಿಗೆ ಜಮೆಯಾಗಿದೆಯಾ ಅಂತಲೂ ನೋಡಿಕೊಳ್ಳಿ.

ಬಸವನಗುಡಿ ಲಾಯರ್:
ಇನ್ನೊಂದು ಸೇರಿಸಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. 2013ರ ಕಾಯ್ದೆ ಇದು, ದಿನಗೂಲಿಯವರಿಗೂ ಅನ್ವಯಿಸುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ. ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಕೊಡಲು 3 ತಿಂಗಳು ಸಮಯ, ಕಾರಣ ಇದ್ದರೆ ಇನ್ನೂ 3 ತಿಂಗಳು ಸಿಗಬಹುದು.

ಮಾಜಿ ಅತ್ತಿಗೆ:
ನಾನು ಒಂದು ಸೆಟ್‌ನಲ್ಲಿ ಇದನ್ನು ಕೇಳಿದಾಗ "ಯಾವ ಸಮಿತಿ, ಗಣೇಶೋತ್ಸವದ್ದಾ?" ಅಂದರು. ಸುಮ್ನೆ ಹೇಳುತ್ತಿಲ್ಲ. ಮಲಯಾಳಂ ಸಿನಿಮಾದ ಹೆಣ್ಣುಮಕ್ಕಳ ಕಷ್ಟ ವಿಚಾರಿಸಿದ ಕೇರಳದ ಹೇಮಾ ಸಮಿತಿ 2019ರ ಕೊನೆಗೆ ವರದಿ ಕೊಟ್ಟಿತು, ಅದು ಜನರ ಕೈಗೆ ಬಂದದ್ದು 2024ರ ಆಗಸ್ಟ್‌ನಲ್ಲಿ. ಮರುತಿಂಗಳು ಇಲ್ಲಿ ಕನ್ನಡ ಚಿತ್ರರಂಗದವರ ಹಕ್ಕುಗಳಿಗಾಗಿ ಇರುವ ಫೈರ್ ಸಂಸ್ಥೆಯವರು 153 ಜನರ ಸಹಿ ಹಾಕಿಸಿ, ನಮಗೂ ಅಂಥದ್ದೊಂದು ಸಮಿತಿ ಬೇಕು ಅಂತ ಮುಖ್ಯಮಂತ್ರಿಗೆ ಮನವಿ ಕೊಟ್ಟರು. ಸುದ್ದಿಯಲ್ಲಿ ಸಿನಿಮಾದ ಮಾತೇ ಜಾಸ್ತಿ ಕೇಳಿತು. ತಿಂಗಳಿಗೆ 20 ದಿನ ಸೆಟ್‌ನಲ್ಲೇ ಇರುವವರು ನಾವು ಸೀರಿಯಲ್‌ನವರು, ಅಲ್ವಾ?

ನಾಗರಭಾವಿ ಅಮ್ಮ:
ಐದೂ ಪ್ರಶ್ನೆ ಕಳಿಸಿದೆ, ಸಮಿತಿದೂ ಸೇರಿಸಿ. ನೀಲಿ ಟಿಕ್ ಬಂತು, ಉತ್ತರ ಬಂದಿಲ್ಲ. "ಚಾನ್ಸ್ ಹೋಗುತ್ತೆ" ಅಂತ ಮಗಳು ಮುಖ ಊದಿಸಿಕೊಂಡಿದ್ದಾಳೆ.

ಮಾಜಿ ಅತ್ತಿಗೆ:
ನಾಳೆ ಊಟದ ಬ್ರೇಕ್‌ನಲ್ಲಿ ಫೋನ್ ಮಾಡಿ, ಒಂದೂವರೆಯಿಂದ ಎರಡರೊಳಗೆ. ಆಗ ಎತ್ತುತ್ತಾರೆ.